ಕೊಕ್ಕಿಲ್ಲದ ಗಿಳಿಯ ತೊಟ್ಟಿಲು

ಗುಂಡುಕಲ್ಲು ಮೆಣಸಿನಕಾಯಿಯ ಮೇಲೆ ಮತ್ತೆ ಜಾರಿತು, ಇನ್ನಷ್ಟು ನೀರು ಚಿಮುಕಿಸಬೇಕು, ಪಡಸಾಲೆಯಲ್ಲಿ ಅಟ್ಟಕ್ಕೆ ಏಣಿ ಒರಗಿಸುವ ಸದ್ದು, ಶಾಂತಾದೇವಿಯ ಕೈ ಒರಳಿನಲ್ಲೇ ನಿಂತಿತು, ನಿಲ್ಲಬಾರದು, ನಿಂತರೆ ಅತ್ತೆ ನೋಡುತ್ತಾರೆ — ಅಕ್ಕಾ, ತೊಟ್ಟಿಲು ಇಳಿಸ್ತೀನಿ, ಹೊನ್ನಾಳಿ ಬಸ್ಸು ತಪ್ಪಿದ್ರೆ ನ್ಯಾಮತಿ ಮುಟ್ಟಾಕೆ ಸಂಜೆ ಆಗ್ತೈತೆ, ತಮ್ಮ ಹಾಲಸ್ವಾಮಿಗೆ ಅವಸರ, ನಾಳೆ ತವರಿನಲ್ಲಿ ತಂಗಿ ಕರಿಬಸಮ್ಮನ ಚೊಚ್ಚಲ ಕೂಸಿಗೆ ಹೆಸರಿಡುವುದು, ಆಮೇಲೆ ತೊಟ್ಟಿಲೂ ಕೂಸೂ ಜಗಳೂರಿಗೆ, ಅವಳ ಗಂಡನ ಮನೆಗೆ. ಬೇಡ ಎನ್ನಲು ಏನು ಕಾರಣ ಹೇಳುವುದು, ಅಪ್ಪ ಬಡಗಿಯ ಎದುರು ಕೂತು ಮಾಡಿಸಿದ ತೊಟ್ಟಿಲು, ನಾಲ್ಕು ಮೂಲೆಗೆ ನಾಲ್ಕು ಗಿಳಿ, ಒಂದರ ಕೊಕ್ಕನ್ನು ಹಲ್ಲು ಬರುವಾಗ ಈ ಹಾಲಸ್ವಾಮಿಯೇ ಕಡಿದದ್ದು, ಅವ್ವ ಬಾಯಿಗೆ ಬೆರಳು ಹಾಕಿ ಚೂರು ತೆಗೆದದ್ದು, ಅಪ್ಪ ಹೊಟ್ಟೆ ಹಿಡಿದು ನಕ್ಕದ್ದು — ಶಾಂತಾದೇವಿಯ ಕೂಸು ಗಿರಿಜೆಯೂ ಉಳಿದ ಮೂರನ್ನು ಬಿಟ್ಟು ಆ ಮುರುಕು ಗಿಳಿಯನ್ನೇ ನೋಡುತ್ತಿತ್ತು, ಎಪ್ಪತ್ತಾರನೇ ಇಸವಿಯ ಆ ಬೆಳಿಗ್ಗೆಯೂ ಕಣ್ಣು ಅತ್ತಲೇ ಇತ್ತು, ರೆಪ್ಪೆ ಮಾತ್ರ ಬಡಿಯಲಿಲ್ಲ.

ಕೂಸಿನ ಜೀವ ಬಸ್ಸಿನಲ್ಲಿ ಹೋಯಿತೆಂದೇ ಎಲ್ಲರೂ ನಂಬಿದ್ದಾರೆ, ದಾವಣಗೆರೆ ಆಸ್ಪತ್ರೆಗೆ ಒಯ್ಯುವಾಗ, ತ್ಯಾವಣಿಗೆ ದಾಟಿದ ಮೇಲೆ, ಹಾಗೆಂದು ಹೇಳಿದವಳು ಅವಳೇ. ಜ್ವರ, ಜ್ವರ ಎನ್ನುತ್ತ ಸೆರಗು ಸುತ್ತಿ ಚನ್ನಗಿರಿಯಲ್ಲಿ ಬಸ್ಸು ಹತ್ತಿದಾಗಲೇ, ಪಕ್ಕದಲ್ಲಿ ಕೂತ ಗಂಡನಿಗೂ ಮುಟ್ಟಗೊಡದೆ ಹಿಡಿದಾಗಲೇ, ಕೂಸು ತಣ್ಣಗಿತ್ತು, ಕಲ್ಲಿನಷ್ಟು ತಣ್ಣಗೆ — ತವರಿನಿಂದ ತೊಟ್ಟಿಲು ಬಂದ ದಿನ ಅತ್ತೆ ದ್ಯಾಮಮ್ಮ ಇದೇ ಗುಂಡುಕಲ್ಲು ತೊಳೆದು, ಕುಲಾವಿ ತೊಡಿಸಿ, ಕೂಸಿಗಿಂತ ಮೊದಲು ಇದನ್ನು ಮಲಗಿಸಿ ತೂಗಿದ್ದರು, ಕಲ್ಲಿನಂಗೆ ಗಟ್ಟಿಯಾಗಿರವ್ವ ನನ್ನ ಮೊಮ್ಮಗಳೇ ಅಂತ. ತೊಟ್ಟಿಲಲ್ಲೇ ಹೋಯಿತೆಂದಿದ್ದರೆ ಅಂದೇ ಅದನ್ನು ಒಡೆದು ಬಚ್ಚಲೊಲೆಗೆ ಹಾಕುತ್ತಿದ್ದರು, ಅಪ್ಪ ತೀರಿಕೊಂಡು ವರ್ಷವಾಗಿರಲಿಲ್ಲ, ಅಪ್ಪನ ತೊಟ್ಟಿಲನ್ನು ಸುಡಗೊಡಲು ಮನಸ್ಸು ಬರಲಿಲ್ಲ. ಆಮೇಲೆ ಹುಟ್ಟಿದ ಮಗನನ್ನು ಸೀರೆಯ ಜೋಲಿಯಲ್ಲೇ ಬೆಳೆಸಿದಳು, ಯಾಕವ್ವ, ನಿನ್ನ ತವರಿನ ತೊಟ್ಟಿಲು ಸವೀತೈತೇನು ಎಂದು ಅತ್ತೆ ಚುಚ್ಚಿದಾಗಲೂ ನಕ್ಕು ಜೋಲಿ ತೂಗಿದಳು, ಈಗ ಹೇಳಿದರೂ ಅದೇ ಒಲೆ, ಹೇಳದಿದ್ದರೆ ಕರಿಬಸಮ್ಮನ ಕೂಸು ಅಲ್ಲಿ ಮಲಗಿ, ಆ ಗಿಳಿಯನ್ನೇ ನೋಡುತ್ತ — ಬೇಡ, ಅರೆ, ಅರೆ, ಮೆಣಸಿನಕಾಯಿ ಕಣ್ಣಿಗೆ ಹತ್ತಿತು. ಅಯ್ಯಯ್ಯೋ, ನಾನು ಕಡಿದ ಗಿಳಿ ಇನ್ನೂ ಐತಲ್ಲಕ್ಕಾ! ಮೀಸೆಗೆಲ್ಲ ಅಟ್ಟದ ಧೂಳು, ನಗುತ್ತಿದ್ದಾನೆ, ಬಾಗಿಲಿಗೆ ತಲೆ ತಾಗುವ ಈ ಗಂಡಸು ಅದೇ ತೊಟ್ಟಿಲಲ್ಲಿ ಕಾಲು ಬಡಿದವನು, ತಾನೂ ಬಡಿದವಳು, ಕರಿಬಸಮ್ಮನೂ ಬಡಿದವಳು. ಹುಷಾರಪ್ಪ, ಬಸ್ಸಿನಾಗೆ ಹಸಿವಾದ್ರೆ ಉಳಿದ ಮೂರೂ ತಿಂದೀಯ, ಅತ್ತೆಯ ಕುಚೋದ್ಯ. ಅಕ್ಕಾ, ತೊಟ್ಟಿಲು ಬರಿದು ತರಬ್ಯಾಡ ಅಂದಾಳೆ ಅವ್ವ, ಒಳಗೆ ಏನಾರ ಹಾಕಿಕೊಡು. ಈ ಗುಂಡುಕಲ್ಲು ಹಾಕ್ತೀನಿ ತಡಿಯೋ, ತನ್ನದೇ ದನಿ. ಕಲ್ಲಾ? ಕಂಡಕ್ಟರ್ ಅದಕ್ಕೂ ಟಿಕೇಟು ಹರೀತಾನೆ! ಹರೀಲಿ ಬಿಡು, ನಾನೂ ಬರ್ತೀನಿ, ತೊಡೆ ಮೇಲೆ ಇಟ್ಕೊಂತೀನಿ.

ಇವತ್ತೂ ಹೇಳುವುದಿಲ್ಲ, ಎಂದೂ ಇಲ್ಲ, ಕೂಸು ಅಲ್ಲೇ ಮಲಗಲಿ, ಕಲ್ಲನ್ನು ಮೊದಲು ತಾನೇ ಮಲಗಿಸಿ ತೂಗುತ್ತಾಳೆ — ತೊಳೆಯುವ ಮೊದಲೇ ಎರಡೂ ಕೈಯಲ್ಲಿ ಎತ್ತಿಕೊಂಡಳು, ಅಂದಿನ ಕೂಸಿನ ಆ ತಣ್ಪು ಈಗ ತಾಗುತ್ತದೆ ಎಂದು ಹಲ್ಲು ಕಚ್ಚಿದಳು, ಅರೆದು ಅರೆದು ಕಲ್ಲು ಬೆಚ್ಚಗಿತ್ತು, ಅಂಗೈ ಉರಿಯುತ್ತಿತ್ತು, ಕಲ್ಲು ಬೆಚ್ಚಗಿತ್ತು.