ಬೀಳಿಸಿದವರೇ ಹೆಕ್ಕಬೇಕು

ಕೇಳಿ ಮಾರಾಯ್ರೆ, ಸ್ವಲ್ಪ ಕೂತು ಪೂರ್ತಿ ಕೇಳಿ. ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳುವುದುಂಟು. ಮಧ್ಯದಲ್ಲಿ ಎದ್ದು ಹೋದರೆ ಉತ್ತರ ಸಿಕ್ಕದೆ ಒದ್ದಾಡುತ್ತೀರಿ.

"ಏ ಏ ಏ, ಅಲ್ಲೇ ನಿಲ್ಲು! ಮೆಟ್ಟಿಲು ಹತ್ಬೇಡ. ಈಗಷ್ಟೇ ನೆಲ ಒರೆಸಿದ್ದು ಮಾರಾಯ್ತಿ!"

ಮನೆಯೊಡತಿಯ ಕೂಗಿಗೆ, ಹಲಸಿನ ಹಣ್ಣು ಹೊತ್ತುಕೊಂಡು ಬಂದ ಜಲಜಾ ಹಾಗೆಯೇ ನಿಂತಳು. ಹಿಂದಿನ ತಿಂಗಳು ಕೊಲಂಬೋದಲ್ಲಿ ದೇಶದ ರಿಲೇ ತಂಡಕ್ಕೆ ಓಡಿ, ಕೊರಳಿಗೆ ಬೆಳ್ಳಿ ಪದಕ ಹಾಕಿಸಿಕೊಂಡು ಬಂದ ಹುಡುಗಿ. ಈಗ ತಿರುವನಂತಪುರದ ಶ್ರೀಕಾರ್ಯಂನಲ್ಲಿ, ತನ್ನ ಮೇಲಧಿಕಾರಿ ತಿರುಮಲೇಶ್ವರ ರಾಯರ ಹಿತ್ತಿಲಲ್ಲಿ, ತಲೆಯ ಮೇಲೆ ಹಲಸು. ಕ್ರೀಡಾ ಕೋಟಾದಲ್ಲಿ ಸಿಕ್ಕಿದ ಗುಮಾಸ್ತೆ ಕೆಲಸ ಅವಳದು. ಆದರೆ ಆಫೀಸಿನಲ್ಲಿ ಕೂರುವುದಕ್ಕಿಂತ ರಾಯರ ಮನೆಗೆ ಓಡಾಡಿದ್ದೇ ಹೆಚ್ಚು.

ತಮಾಷೆ ಏನು ಗೊತ್ತುಂಟಾ? ಆಫೀಸಿನ ಬೇರೆ ಯಾರು ಬಂದರೂ ಆ ಮನೆಯ ನೆಲ ಒಣಗಿಯೇ ಇರುತ್ತಿತ್ತು. ಜಲಜಾ ಬಂದಾಗ ಮಾತ್ರ ಈಗಷ್ಟೇ ಒರೆಸಿರುತ್ತಿತ್ತು.

"ಅಮ್ಮ, ನೀವು ದಿನಕ್ಕೆ ಎಷ್ಟು ಸಲ ಒರೆಸ್ತೀರಿ? ಸೊಂಟ ನೋಯುದಿಲ್ವಾ?" ಎಂದು ಜಲಜಾ ಕೇಳಿದಳು.

ರಾಯರ ಹೆಂಡತಿ ಶಂಕರಿ ಮುಖ ಹುಳಿ ಮಾಡಿಕೊಂಡು, "ಕೈ ಒಡ್ಡು" ಎಂದರು. ಜಲಜಾ ಅಂಗೈ ಚಾಚಿದಳು. ಒಂದು ಗೇಣು ಮೇಲಿನಿಂದ ಬಿಸಿ ವಡೆ ಬಿತ್ತು. ತುದಿ ಬೆರಳೂ ತಾಗದ ಹಾಗೆ ಬೀಳಿಸುವುದರಲ್ಲಿ ಆ ಮನೆಯವರಿಗೆ ಪದಕವನ್ನೇ ಕೊಡಬಹುದಿತ್ತು.

ರಾಯರೂ ಅದರಲ್ಲಿ ಕಮ್ಮಿಯವರಲ್ಲ. ಕಾಸರಗೋಡಿನವರು, ಕನ್ನಡದವರು, ಸಭೆಯಲ್ಲಿ ಮೈಕು ಸಿಕ್ಕರೆ "ಜಾತಿಗೀತಿ ಎಲ್ಲ ನಂಗಿಲ್ಲ, ಜಲಜಾ ನಮ್ಮೂರ ಮಗಳು" ಎನ್ನುವವರು. ಆದರೆ ಆಫೀಸಿನಲ್ಲಿ ಕೀಲಿಕೈ ಕೊಡುವಾಗ ಮೇಲಿನಿಂದ ಬಿಡುತ್ತಿದ್ದರು. ಕನ್ನಡ ಸಂಘದವರು ಅವಳಿಗೆ ಸನ್ಮಾನ ಇಟ್ಟ ದಿನ ಶಾಲನ್ನು ದೂರದಿಂದಲೇ ಬಲೆ ಬೀಸಿದ ಹಾಗೆ ಬೀಸಿದ್ದರು. ಅದು ಹೋಗಿ ಅವಳ ತಲೆಯ ಮೇಲೆ ಕೂತಿತು. ಶಾಲಿನೊಳಗೆ ಜಲಜಾ ನಕ್ಕದ್ದು ಯಾರಿಗೂ ಕಾಣಲಿಲ್ಲ.

ಈ ಬೀಳುವ ಲೆಕ್ಕ ಅವಳಿಗೆ ಹೊಸತಲ್ಲ. ಅವ್ವ ಕಮಲಾಕ್ಷಿ ಕಾಡುಬಳ್ಳಿಯ ಬುಟ್ಟಿ ಹೆಣೆದು ಮನೆಮನೆಗೆ ಒಯ್ಯುವವಳು. ಅಂಗಳದಾಚೆ ನಿಂತು ಸೆರಗು ಒಡ್ಡಿದರೆ ಮೇಲಿನಿಂದ ಅಕ್ಕಿ ಸುರಿಯುತ್ತಿದ್ದರು. "ಕೈ ಕೆಳಗಿಡು ಮಗಾ, ಮೇಲೆತ್ಬೇಡ, ತಾಗಿದ್ರೆ ಬೈತಾರೆ" ಎಂದು ಅವ್ವ ಕಲಿಸಿದ್ದಳು.

ಈ ಪಾಠ ಮರೆಸಲು ತಿರುವನಂತಪುರದ ಕ್ರೀಡಾ ಹಾಸ್ಟೆಲಿನಲ್ಲಿ ಗ್ರೇಸಿ ಟೀಚರ್ ಸಿಕ್ಕರು. ರಿಲೇಯಲ್ಲಿ ಬ್ಯಾಟನ್ ತೆಗೆದುಕೊಳ್ಳುವವಳು ಕೈಯನ್ನು ಹಿಂದಕ್ಕೆ ಚಾಚಿ ಎತ್ತಿ ಹಿಡಿಯಬೇಕು, ತಿರುಗಿ ನೋಡಬಾರದು. ತರುವವಳು ಆ ಅಂಗೈಗೆ ಕೋಲನ್ನು ಒತ್ತಿ ಇಡಬೇಕು. ಜಲಜಾಳ ಕೈ ಮೊದಮೊದಲು ತಾನಾಗಿಯೇ ಕೆಳಗಿಳಿಯುತ್ತಿತ್ತು.

"ಎತ್ತು ಮೋಳೇ, ಕೈ ಎತ್ತು!" ಮಗಳೇ ಮಗಳೇ ಎನ್ನುತ್ತಲೇ ಟೀಚರ್ ಬೆತ್ತದಿಂದ ಮೊಣಕೈಗೆ ತಟ್ಟುತ್ತಿದ್ದರು. "ಭಿಕ್ಷೆಗೆ ನಿಂತಿದ್ದೀಯಾ? ಅದು ನಿನ್ನ ಕೋಲು. ಅವಳು ತಂದು ಕೊಡ್ಬೇಕು, ನೀನು ಬೇಡ್ಬಾರ್ದು."

ಆ ಕೈ ಎತ್ತಿದ ಮೇಲೆಯೇ ಜಲಜಾ ಓಡಿದ್ದು. ಮೊದಲು ಜಿಲ್ಲೆಗೆ, ಆಮೇಲೆ ರಾಜ್ಯಕ್ಕೆ, ಆಮೇಲೆ ದೇಶಕ್ಕೆ.

ಈಗ ಬ್ಯಾಂಕಾಕಿನಲ್ಲಿ ಇನ್ನೂ ದೊಡ್ಡ ಕೂಟ. ಅದಕ್ಕೆ ಮೊದಲು ಪಟಿಯಾಲದ ಶಿಬಿರಕ್ಕೆ ಹೋಗಬೇಕು. ಶಿಬಿರಕ್ಕೆ ಹೋಗಲು ರಜೆ ಬೇಕು, ರಜೆಗೆ ರಾಯರ ಸಹಿ ಬೇಕು.

"ಸರ್, ಸಹಿ..."

"ಎಂತ ಅವಸರ ನಿಂಗೆ, ಬುಟ್ಟಿ ಎಕ್ಸ್‌ಪ್ರೆಸ್?" ಎಂದು ರಾಯರು ತಮ್ಮ ಜೋಕಿಗೆ ತಾವೇ ನಕ್ಕರು. "ಕೊಚ್ಚಿಯಲ್ಲಿ ನೌಕರರ ಕೂಟ ಉಂಟಲ್ಲ, ಕೊನೆಗೆ ಆಫೀಸರುಗಳ ರಿಲೇ, ಕೊನೆಯ ಓಟ ಮಾತ್ರ ಆಫೀಸಿನ ಕ್ರೀಡಾಪಟುವಿಗೆ. ನಾನು ಓಡಿ ಬಂದು ನಿಂಗೆ ಬ್ಯಾಟನ್ ಕೊಡ್ತೇನೆ. ಪೇಪರಿನವರು ಫೋಟೋ ತೆಗೀಲಿ. ಅಲ್ಲೇ ಸ್ಟೇಜಿನಲ್ಲಿ ಸಹಿ ಹಾಕ್ತೇನೆ. ಹೇಗೆ?"

"ಒಮ್ಮೆ ಪ್ರಾಕ್ಟೀಸ್ ಮಾಡುವನಾ ಸರ್? ಕೈಯಿಂದ ಕೈಗೆ?"

ರಾಯರ ನಗು ಥಟ್ಟನೆ ನಿಂತಿತು. "ಅದಕ್ಕೆಲ್ಲ ಪ್ರಾಕ್ಟೀಸ್ ಎಂತಕ್ಕೆ? ಕೋಲು ಕೊಡ್ಲಿಕ್ಕೆ ಗೊತ್ತಿಲ್ವಾ ನಂಗೆ?"

ಪ್ರಾಕ್ಟೀಸನ್ನು ಅವರು ಆಫೀಸಿನ ಪ್ಯೂನನ ಜತೆ ಮಾಡಿದರು, ಮಡಚಿದ ಪೇಪರು ಹಿಡಿದು. ಜಲಜಾ ಬಾಗಿಲಲ್ಲಿ ನಿಂತು ನೋಡಿದಳು. ಪ್ಯೂನನ ಅಂಗೈಗೆ ಎಷ್ಟು ಚೆಂದ ಒತ್ತಿ ಇಟ್ಟರು ಅಂತೀರಿ!

ಆ ಸಂಜೆ ಅವಳು ಗ್ರೇಸಿ ಟೀಚರಿಗೆ ಫೋನು ಮಾಡಿದಳು. ಕೊಚ್ಚಿಯ ಕೂಟದಲ್ಲಿ ಅವರೇ ಅಂಪೈರು.

"ಟೀಚರ್, ಬ್ಯಾಟನ್ ಬಿದ್ರೆ ಹೆಕ್ಕಬೇಕಾದ್ದು ಯಾರು?"

"ಬೀಳಿಸಿದವ್ರು. ಇದೆಂಥ ಪ್ರಶ್ನೆ? ಚಿಕ್ಕ ಮಕ್ಕಳಿಗೂ ಗೊತ್ತು."

"ಆಫೀಸರುಗಳಿಗೂ ಅದೇ ರೂಲಾ? ಹಾಗಾದ್ರೆ ಓಟಕ್ಕೆ ಮೊದಲು ಮೈಕಿನಲ್ಲಿ ಒಮ್ಮೆ ಹೇಳಿಬಿಡಿ ಟೀಚರ್."

ಟೀಚರ್ ದನಿ ತಗ್ಗಿಸಿದರು. "ಮೋಳೇ, ನಿನ್ನ ರಜೆ ಅವನ ಕೈಯಲ್ಲಿದೆ. ಏನಾದ್ರೂ ಕಿತಾಪತಿ ಮಾಡಬೇಡ."

"ನಾನೆಂತ ಮಾಡ್ಲಿಕ್ಕುಂಟು ಟೀಚರ್? ನೀವು ಕಲಿಸಿದ ಹಾಗೆ ಕೈ ಚಾಚಿ ನಿಲ್ತೇನೆ, ಅಷ್ಟೇ."

ಕೊಚ್ಚಿ, ಕಲೂರು. ಮೈದಾನದ ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಗ್ಯಾಲರಿಯಲ್ಲಿ ಆಫೀಸುಗಳ ಜನ, ಕಾಲೇಜಿನ ಹುಡುಗರು, ಕಡಲೆ ಮಾರುವವರು. ಹೊಸ ಬಿಳಿ ಶೂ, ಬಿಳಿ ಟೊಪ್ಪಿ ಹಾಕಿಕೊಂಡ ರಾಯರು ರಜೆಯ ಅರ್ಜಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಅದರ ತುದಿ ಕಾಣುವ ಹಾಗೆಯೇ ಇಟ್ಟದ್ದು. ಶಿಬಿರಕ್ಕೆ ಹೋಗುವ ರೈಲು ಅದೇ ಸಂಜೆ.

ಮೈಕಿನಲ್ಲಿ ಗ್ರೇಸಿ ಟೀಚರ್ ಗುಡುಗಿದರು: "ಎಲ್ಲರಿಗೂ ಒಂದೇ ರೂಲು. ಬ್ಯಾಟನ್ ಬಿದ್ದರೆ ಬೀಳಿಸಿದವರೇ ಹೆಕ್ಕಬೇಕು!"

ಸೀಟಿ ಊದಿದರು. ಮೊದಲ ಆಫೀಸರು ಓಡಿದರು, ಎರಡನೆಯವರು ಏದುಸಿರು ಬಿಡುತ್ತ ಬಂದರು, ಮೂರನೆಯವರು ರಾಯರು. ಹೊಟ್ಟೆ ಮುಂದೆ, ರಾಯರು ಹಿಂದೆ. ಜಲಜಾ ಗೆರೆಯ ಮೇಲೆ ನಿಂತು ಕೈಯನ್ನು ಹಿಂದಕ್ಕೆ ಚಾಚಿ ಎತ್ತಿ ಹಿಡಿದಳು. ತಿರುಗಿ ನೋಡಲಿಲ್ಲ. ಹೆಜ್ಜೆ ಹತ್ತಿರ ಬಂತು, ಉಸಿರು ಹತ್ತಿರ ಬಂತು, ಬೆವರಿನ ವಾಸನೆಯೂ ಬಂತು.

ಬರಬೇಕಾದ್ದು ಮಾತ್ರ ಅಂಗೈಗೆ ಬರಲಿಲ್ಲ.

ರಾಯರ ಕೈ ತನಗೆ ಗೊತ್ತಿದ್ದ ಕೆಲಸವನ್ನು ತಾನೇ ಮಾಡಿತ್ತು. ಒಂದು ಗೇಣು ಮೇಲೆ ಹೋಗಿ, ಬೆರಳು ಬಿಚ್ಚಿ, ಬಿಟ್ಟಿತ್ತು. ವಡೆಯಾದರೆ ಅಂಗೈಯಲ್ಲಿ ಕೂರುತ್ತಿತ್ತು. ಬ್ಯಾಟನ್ ಉರುಟು ನೋಡಿ, ಅವಳ ಅಂಗೈ ಸವರಿ ಜಾರಿ ಹುಲ್ಲಿಗೆ ಬಿದ್ದು ಉರುಳಿತು.

ಪಕ್ಕದ ಗೆರೆಗಳಲ್ಲಿ ಬೇರೆಯವರು ಓಡಿ ಹೋದರು. ಜಲಜಾಳ ಕೈ ಇದ್ದಲ್ಲೇ ಇತ್ತು.

"ಎಂತ ನೋಡ್ತೀ? ಹೆಕ್ಕು!" ರಾಯರು ಪಿಸುಗುಟ್ಟಿದರು.

"ಬೀಳಿಸಿದವರೇ ಹೆಕ್ಕಬೇಕು ಸರ್. ರೂಲು."

"ಹೆಕ್ಕೇ ಬೇವರ್ಸಿ! ರಜೆ ಬೇಕಾ ಬೇಡ್ವಾ ನಿಂಗೆ? ಹರಿದು ಬಿಸಾಡ್ತೇನೆ ನೋಡು!"

ಪಟಿಯಾಲ, ಬ್ಯಾಂಕಾಕ್, ಸಂಜೆಯ ರೈಲು, ಎಲ್ಲ ಆ ಕಿಸೆಯಲ್ಲಿತ್ತು. ಮೊಣಕೈ ಹಳೆಯ ನೆನಪಿಗೆ ಚೂರು ಕೆಳಗಿಳಿಯಿತು. ಅವಳು ಹಲ್ಲು ಕಚ್ಚಿ ಅದನ್ನು ಮತ್ತೆ ಎತ್ತಿದಳು, ಮೊದಲಿಗಿಂತಲೂ ಮೇಲೆ.

"ರಜೆ ಬೇಕು ಸರ್. ಕೋಲೂ ಬೇಕು. ತಾಗಿಸಿ ಕೊಡಿ."

ಗ್ಯಾಲರಿಯ ಹುಡುಗರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಬಿದ್ದ ಕೋಲು, ನಿಂತ ಆಫೀಸರು, ಚಾಚಿದ ಕೈ ಅರ್ಥವಾಗಲು ಭಾಷೆ ಯಾಕೆ? ಮೂಲೆಯಿಂದ ಒಬ್ಬ ಶುರು ಮಾಡಿದ: "ಎಡುಕ್ಕು ಸಾರೇ, ಎಡುಕ್ಕು!" ಹೆಕ್ಕಿ ಸಾರೇ, ಹೆಕ್ಕಿ! ಇಡೀ ಗ್ಯಾಲರಿ ಚಪ್ಪಾಳೆ ತಟ್ಟಿ ಕೂಗತೊಡಗಿತು. ಕಡಲೆ ಮಾರುವವನು ಕೂಡ ಡಬ್ಬ ಬಡಿದ. ಪೇಪರಿನ ಫೋಟೋದವನು ಹುಲ್ಲಿನ ಮೇಲೆ ಮಲಗಿ ಕ್ಯಾಮೆರಾ ಹಿಡಿದ.

ರಾಯರು ಬಾಗಿದರು. ಅರ್ಧ ಬಾಗಿ ನಿಂತರು. ಮೂಗಿನ ಮುಂದೆ ಜಲಜಾಳ ಹಿಮ್ಮಡಿ, ಪಕ್ಕದಲ್ಲಿ ಬ್ಯಾಟನ್, ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಅವಳ ಅಂಗೈ. ಬಾಗಿದ ಕಿಸೆಯಿಂದ ರಜೆಯ ಅರ್ಜಿ ಜಾರಿ ಹುಲ್ಲಿಗೆ ಬಿತ್ತು. ಒಂದು ಕೈ ಕೋಲಿನ ಮೇಲೆ, ಇನ್ನೊಂದು ಅರ್ಜಿಯ ಮೇಲೆ ಹೋಗಿ ನಿಂತಿತು. ಜಲಜಾ ಈಗಲೂ ತಿರುಗಿ ನೋಡಲಿಲ್ಲ.

ಈಗ ಹೇಳಿ. ಜಲಜಾಳ ಜಾಗದಲ್ಲಿ ನಿಂತು ಹೇಳಬೇಡಿ, ಅದು ಸುಲಭ, ಕತೆ ಕೇಳಿದವರೆಲ್ಲ ಅಲ್ಲಿಗೇ ಓಡುತ್ತಾರೆ. ರಾಯರ ಜಾಗದಲ್ಲಿ, ಹಾಗೆ ಅರ್ಧ ಬಾಗಿಕೊಂಡು ಹೇಳಿ: ಆ ಅಂಗೈಗೆ ನಿಮ್ಮ ಬೆರಳು ತಾಗಬೇಕಾಗಿ ಬಂದಿದ್ದರೆ ನೀವೇನು ಮಾಡುತ್ತಿದ್ದಿರಿ?