ಹೂಂ ಅಂದದ್ದಕ್ಕೆ

ಬಟ್ಟೆ ಒಗೆಯುವ ಕೋಣೆ ಆ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಯಂತ್ರದ ಮೇಲಿನ ಪರದೇಶದ ಅಕ್ಷರಗಳು ಅವಳಿಗೆ ಇನ್ನೂ ಇರುವೆ ಸಾಲಿನಂತೆಯೇ ಕಾಣುತ್ತಿದ್ದವು. ಬಂದ ಹೊಸದರಲ್ಲಿ ಯಾವುದೋ ಗುಂಡಿ ಒತ್ತಿ, ಗಂಡನ ಉಣ್ಣೆಯ ಅಂಗಿಯನ್ನು ಗೊಂಬೆಗೆ ತೊಡಿಸುವಷ್ಟು ಚಿಕ್ಕದು ಮಾಡಿದ್ದಳು. ಆವತ್ತು ಅವಳ ಬೆರಳು ಹಿಡಿದು ಸರಿಯಾದ ಗುಂಡಿಯ ಮೇಲೆ ಇಟ್ಟವರು ಮೇಲಿನ ಮನೆಯ ಅಜ್ಜಿ. ಇಡೀ ಕಟ್ಟಡದಲ್ಲಿ ಅವಳನ್ನು ನಿಲ್ಲಿಸಿ ಮಾತನಾಡಿಸುವ ಜೀವ ಅದೊಂದೇ. ಉಳಿದವರು ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಸರಿದು, ತುಟಿಯನ್ನಷ್ಟೇ ಅಗಲಿಸಿ ಹೋಗುವವರು. ಎಲ್ಲಿಗೆ, ಯಾಕೆ ಎಂದು ಕೇಳುವ ಪೈಕಿಯವರಲ್ಲ.

ಅಜ್ಜಿಯ ಭಾಷೆ ಅವಳ ತಲೆಗೆ ಹತ್ತಿದ್ದು ಅಷ್ಟಕ್ಕಷ್ಟೇ. ಆದರೂ ಕೇಳುವುದು ಹಿತವಾಗಿತ್ತು. ಹೊಲದ ಬದುವಿನ ಮೇಲೆ ಕೂತು ದೊಡ್ಡವರ ಮಾತು ಕೇಳುತ್ತ ಬೆಳೆದವಳು ಅವಳು. ಎದುರಿನವರು ಏನಾದರೂ ಹೇಳುತ್ತಿದ್ದರೆ ನಡುನಡುವೆ ಹೂಂಗುಟ್ಟಬೇಕು, ಇಲ್ಲವಾದರೆ ಹೇಳುವವರ ಬಾಯಿ ಕಟ್ಟಿಹೋಗುತ್ತದೆ. ಆ ಹೂಂಗೆ ಒಪ್ಪಿದೆ ಎಂಬ ಅರ್ಥವಿಲ್ಲ. ಕಿವಿ ಇಲ್ಲೇ ಇದೆ, ಮುಂದೆ ಹೇಳಿ ಎಂದಷ್ಟೇ.

ಆ ಶುಕ್ರವಾರ ಅಜ್ಜಿ ಎಂದಿಗಿಂತ ಹೆಚ್ಚು ಹೊತ್ತು ಮಾತನಾಡಿದರು. ದನಿ ಒಮ್ಮೆ ತಗ್ಗಿತು, ಒಮ್ಮೆ ನಗುವಾಯಿತು. ಇವಳು ಚಾದರ ಮಡಚುತ್ತ ಹೂಂ, ಹೂಂ ಎನ್ನುತ್ತಲೇ ಇದ್ದಳು. ಕೊನೆಗೆ ಅಜ್ಜಿ ಏನನ್ನೋ ಕೇಳಿ ಸುಮ್ಮನಾದರು. ಇವಳು ತಲೆಯಾಡಿಸಿ ಮತ್ತೊಂದು ಹೂಂ ಅಂದಳು. ಅಜ್ಜಿಯ ಕಣ್ಣು ತುಂಬಿಬಂತು. ಇವಳ ಎರಡೂ ಕೈಗಳನ್ನು ಅದುಮಿ ಹಿಡಿದು, ಬಿಟ್ಟು, ಬುಟ್ಟಿ ಎತ್ತಿಕೊಂಡು ಹೊರಟರು. ತಾನು ಯಾವುದಕ್ಕೋ ಒಪ್ಪಿಬಿಟ್ಟಿದ್ದೇನೆಂದು ಇವಳಿಗೆ ಹೊಳೆದದ್ದು ಆಗಲೇ.

ಸಂಜೆ ಗಂಡ ಬಂದೊಡನೆ ವಿಷಯ ಹೇಳಿದಳು.

"ಯಾವುದಕ್ಕೆ ಹೂಂ ಅಂದೆ?"

"ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ?"

"ಅಲ್ಲ ಕಣೇ, ಮನೆ ಬಿಟ್ಟುಕೊಡ್ತೀಯಾ ಅಂತ ಕೇಳಿದ್ರೂ ಹೂಂ ಅನ್ನೋದಾ?"

"ನೀವು ಹೆಣ್ಣು ನೋಡೋಕೆ ಬಂದಾಗ್ಲೂ ಹಾಗೇ ಅಂದಿದ್ದು. ಆವಾಗ ಮಾತ್ರ ಚೆನ್ನಾಗಿತ್ತು!"

ಗಂಡ ಚಪ್ಪಲಿ ಮೆಟ್ಟಿ ಮೇಲಿನ ಮನೆಗೆ ಹೋದ. ಗೋದಾಮಿನಲ್ಲಿ ಸರಕು ಎತ್ತುವ ಗಾಡಿ ಓಡಿಸುವವನು. ಎತ್ತು, ಇಳಿಸು, ಮೇಲೆ, ಕೆಳಗೆ, ಹುಷಾರು, ಇಂಥ ಗೋದಾಮಿನ ಮಾತುಗಳಲ್ಲೇ ಅವನ ಪರಭಾಷಾ ಪಾಂಡಿತ್ಯ ಮುಗಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬಂದ.

"ಮೂರು ಮಾತು ಸಿಕ್ತು. ಭಾನುವಾರ. ಕತ್ತರಿಸು. ಪೂರ್ತಿ."

"ಏನನ್ನ ಕತ್ತರಿಸೋದು?"

"ಅದೇ ಸಿಗ್ಲಿಲ್ಲ. ನಮ್ಮ ಗೋದಾಮಲ್ಲಿ ಆ ಮಾತು ಯಾರೂ ಆಡಲ್ಲ."

"ಕಿಟಕಿ ಪರದೇನೋ? ಮರದ ಕೊಂಬೆನೋ?"

"ಕೋಳಿ ಆಗಿದ್ರೆ?"

"ಅಯ್ಯೋ! ನನ್ನ ಕೈಲಾ?"

ಮರುದಿನ ಫೋನಿನಲ್ಲಿ ಅವಳ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಬುದ್ಧೀನ ಇಲ್ಲೇ ಗೂಟಕ್ಕೆ ನೇತುಹಾಕಿ ಹೋದ್ಯಾ? ಮೇಲೆ ಹೋಗು. ತಿಳೀಲಿಲ್ಲ, ಆಗಲ್ಲ ಅಂತ ಹೇಳ್ಬಿಡು" ಎಂದಳು.

"ಹಾಗಂದ್ರೆ ಅವರೂ ಮಾತಾಡಿಸೋದು ಬಿಡ್ತಾರಮ್ಮ. ಆಮೇಲೆ ನಾನು ಗೋಡೆ ಜೊತೆ ಮಾತಾಡ್ಬೇಕು."

ಅಮ್ಮ, "ಹಾಗಾದ್ರೆ ಮಾಡು. ಉಗುಳಿದ್ದನ್ನ ನುಂಗೋಕಾಗುತ್ತಾ?" ಎಂದಳು.

ಭಾನುವಾರ ಬೆಳಗ್ಗೆ ಬಾಗಿಲು ತೆರೆದರೆ ಅಜ್ಜಿ. ಹೆಗಲ ಮೇಲೆ ಟವೆಲು, ಕೈಯಲ್ಲಿ ಕತ್ತರಿ, ಬಾಚಣಿಗೆ. ಒಳಗೆ ಬಂದವರೇ ಕುರ್ಚಿಯನ್ನು ಬೆಳಕಿಗೆ ಎಳೆದು ಕೂತು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಅದರಡಿ ಇಷ್ಟೊಂದು ಕೂದಲಿದೆಯೆಂದು ಇವಳು ಎಣಿಸಿರಲಿಲ್ಲ. ನೆನೆಸಿ ಒಣಗಿಸಿದ ನಾರಿನಂತೆ, ಬೆಳ್ಳಗೆ, ಸೊಂಟದವರೆಗೆ ಇಳಿಯಿತು. ಅಜ್ಜಿ ಇವಳ ಗಂಡನ ತಲೆಯನ್ನು ತೋರಿಸಿದರು, ಬಾಲ್ಕನಿಯತ್ತ ಬೆರಳು ಮಾಡಿದರು, ಕತ್ತರಿಯನ್ನು ಇವಳ ಕೈಗಿತ್ತರು. ಗಂಡನನ್ನು ಅಲ್ಲಿ ಕೂರಿಸಿ ಇವಳೇ ಕೂದಲು ಕತ್ತರಿಸುವುದನ್ನು ಅಜ್ಜಿ ಮೇಲಿನಿಂದ ನೋಡಿದ್ದರು.

ಗಂಡ ತಲೆ ಸವರಿಕೊಂಡ. "ನನ್ನ ಕ್ರಾಪು ನೋಡಿದ ಮೇಲೂ ಬಂದಿದ್ದಾರಲ್ಲೇ, ಗಟ್ಟಿಗಿತ್ತಿ!"

ಅವಳಿಗೆ ನಗು ಬರಲಿಲ್ಲ. ಹೆಣ್ಣಿನ ತಲೆಗೆ ಕತ್ತರಿ ಇಟ್ಟವಳಲ್ಲ. ಕೆಡಿಸಿದರೂ ಅಜ್ಜಿ ದೂರವಾಗುತ್ತಾರೆ, ಒಲ್ಲೆನೆಂದರೂ ದೂರವಾಗುತ್ತಾರೆ. ಕತ್ತರಿಯನ್ನು ಕಿಟಕಿಯ ಕಟ್ಟೆಗಿಟ್ಟು, ಜಡೆ ಹೆಣೆದು ಮೇಲಕ್ಕೆ ಕಟ್ಟುವೆನೆಂದು ಕೈಸನ್ನೆ ಮಾಡಿದಳು. ಅಜ್ಜಿ ಬೇಡವೆಂದು ತಲೆಯಲ್ಲಾಡಿಸಿದರು. ಬಲಗೈ ಎತ್ತಿ ತೋರಿಸಿದರು. ಅದು ಕಿವಿಯ ಹತ್ತಿರ ಬಂದು ನಿಂತುಬಿಟ್ಟಿತು. ಎಡಗೈ ಎತ್ತಿದರು, ಅದೂ ಅಲ್ಲೇ. ಇನ್ನೊಮ್ಮೆ ಪ್ರಯತ್ನಿಸುವಾಗ ತುಟಿ ಕಚ್ಚಿಕೊಂಡರು. ಮತ್ತೆ ನೆಲ ನೋಡುತ್ತ ಕೂತರು.

ಹಿಂದೆ ಹೋಗಿ ನೋಡಿದಳು. ಬಾಚಣಿಗೆ ಎಷ್ಟೋ ದಿನದಿಂದ ಮುಟ್ಟದ ಕಡೆ ಕೂದಲು ಹತ್ತಿಯುಂಡೆಯಂತೆ ಗಂಟುಗಟ್ಟಿತ್ತು.

ಅವಳು ಅವಸರ ಮಾಡಲಿಲ್ಲ. ಎಣ್ಣೆ ಮುಟ್ಟಿಸಿ ಒಂದೊಂದೇ ಎಳೆ ಬಿಡಿಸಿದಳು. ಬಿಡಿಸಿದ್ದನ್ನು ಜಡೆ ಹೆಣೆದಳು. ಅಜ್ಜಿಯ ಬೆನ್ನ ಮೇಲೆ ಬೆರಳಿಟ್ಟು, "ಇಲ್ಲಿಗಾ?" ಎಂದಳು. ಅಜ್ಜಿ ಏನೋ ಅಂದರು.

"ಮೇಲೆ ಅಂತೆ," ಗಂಡ ಹೆಮ್ಮೆಯಿಂದ ಹೇಳಿದ. "ಇದು ನಂಗೊತ್ತು."

ಭುಜಕ್ಕೆ ಬೆರಳಿಟ್ಟಳು. "ಇನ್ನೂ ಮೇಲೆ." ಕತ್ತಿನ ಕುಳಿಗೆ ಬಂದಾಗ ಅಜ್ಜಿ ಅಲ್ಲೇ ಎಂಬಂತೆ ಕಣ್ಣು ಮುಚ್ಚಿಕೊಂಡರು.

ಕತ್ತರಿ ಮೊದಲು ಕಚ್ಚಲಿಲ್ಲ. ಮೊಂಡ ಕುಡುಗೋಲು ಹಸಿ ದಂಟಿಗೆ ಸಿಕ್ಕಂತೆ ಕರಕರ ಎಂದು ಜಗಿಯಿತು. ಆಮೇಲೆ ಜಡೆ ಫಕ್ಕನೆ ಕೈಗೆ ಬಂತು. ಅವಳೆಣಿಸಿದ್ದಕ್ಕಿಂತ ಭಾರವಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಟವೆಲಿನಲ್ಲಿ ಸುತ್ತಿ ಅಜ್ಜಿಯ ಮಡಿಲಲ್ಲಿಟ್ಟಳು.

"ಎಡಗಡೆ ಇಳಿಜಾರಾಯ್ತಲ್ಲೇ," ಗಂಡ ಪಿಸುಗುಟ್ಟಿದ.

"ಸುಮ್ನಿರಿ. ನೀರು ನಿಲ್ಲಲ್ಲ."

ಎಡಗಡೆ ಸಮ ಮಾಡಲು ಹೋದರೆ ಬಲಗಡೆ ಇಳಿಯಿತು. ಇನ್ನು ಕೈಹಾಕಿದರೆ ಬುರುಡೆಯೇ ಗತಿ ಎನಿಸಿ ಕತ್ತರಿ ಕೆಳಗಿಟ್ಟಳು. ಅಜ್ಜಿ ಎದ್ದು, ಬಾಗಿಲ ಪಕ್ಕದ ಕನ್ನಡಿಯ ಮುಂದೆ ನಿಂತರು. ಬಹಳ ಹೊತ್ತು ನಿಂತರು.

ಅಜ್ಜಿ ತಲೆಯನ್ನೇ ಕೊಂಚ ಎಡಕ್ಕೆ ವಾಲಿಸಿದರು. ಕನ್ನಡಿಯಲ್ಲಿ ಕೂದಲಿನ ಅಂಚು ಸಮವಾಯಿತು. ಹಾಗೆ ವಾಲಿಸಿಕೊಂಡೇ ಇವಳ ಕಡೆ ತಿರುಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕುರ್ಚಿಯನ್ನು ಅಡುಗೆಮನೆಯ ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಹೊರಡುವ ಲಕ್ಷಣವೇನೂ ಕಾಣಲಿಲ್ಲ.

ಗಂಡ ಒಲೆಯ ಮೇಲೆ ಕಾಫಿಗೆ ನೀರಿಟ್ಟ.