ಶಾಂತಲಾ ಎಂದ ಮೇಲೆ

ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೂ ಈ ಜನಕ್ಕೆ ಗೊತ್ತಿಲ್ಲ ಎಂದುಕೊಂಡ ಗುರುಬಸವರಾಜ್.

ಮೈಕಿನ ಮುಂದೆ ಹೆಂಡತಿಯ ಚಿಕ್ಕಪ್ಪ ಷಣ್ಮುಖಪ್ಪ ಒಂದೇ ಓಟದಲ್ಲಿದ್ದ. "ನಮ್ ಶಾಂತಲಾ ಅಂದ್ರೆ ಸಾಕ್ಷಾತ್ ಅನ್ನಪೂರ್ಣೆ ಕಣ್ರಿ ಬಂದೋರಿಗೆ ಉಣ್ಣಾಕೆ ಇಕ್ಕದೆ ಕಳಿಸ್ದೋಳಲ್ಲ ಅವಳ ಕೈ ರೊಟ್ಟಿ ತಿಂದೋನಿಗೇ ಗೊತ್ತು ಅದ್ರ ರುಚಿ ಹೆಂಗೈತೆ ಅಂತ..."

ತೀರಿಕೊಂಡ ಹೆಂಡತಿ ಶಾಂತಲಾಳ ಶಿವಗಣಾರಾಧನೆ ಇಂದು. ಚನ್ನಗಿರಿಯ ಮನೆಯ ಮುಂದೆ ಶಾಮಿಯಾನ. ಕೆಳಗೆ ಕೆರೆಬಿಳಚಿ, ಸಾಸ್ವೆಹಳ್ಳಿಗಳಿಂದ ಬಂದ ನೆಂಟರು. ಒಬ್ಬೊಬ್ಬರೂ ಸತ್ತವಳ ಗುಣ ಹೇಳಬೇಕು. ಕೊನೆಯ ಮಾತು ಗಂಡನದು. ಅವನು ನಿಲ್ಲಿಸಿದ ಕೂಡಲೇ ಹಿರಿಯರು "ಹರಹರ ಮಹಾದೇವ" ಎನ್ನುತ್ತಾರೆ, ಎಲೆ ಹಾಕುತ್ತಾರೆ. ಜನರ ಕಣ್ಣು ಆಗಲೇ ಅಡುಗೆಯ ಕಡೆಗಿತ್ತು.

ನಾದಿನಿ ಸರ್ವಮಂಗಳಮ್ಮ ಪಕ್ಕಕ್ಕೆ ಬಂದಳು.

"ಭಾವಾರೇ, ಅವಳಿದ್ದಾಗ ಒಂದು ಒಳ್ಳೇ ಮಾತಾಡ್ಲಿಲ್ಲ. ಇವತ್ತಾದ್ರೂ ಆಡ್ರಿ."

"ಆಡ್ತೀನಿ."

"ಚಿಕ್ಕಪ್ಪನಂಗೆ ರೊಟ್ಟಿ ಮಾತಲ್ಲ. ನಿಮಗಷ್ಟೇ ಗೊತ್ತಿರೋದು. ಒಂದೇ ಒಂದು."

ಅವನು ಕನ್ನಡಕ ಒರೆಸಿಕೊಂಡ.

ಅವಳು ಹೋದದ್ದೇ ಪ್ರವೀಣ್ ಕುಮಾರ್ ಬಂದ. ಹೊನ್ನಾಳಿಯ ಕಾಲೇಜಿನಲ್ಲಿ ಇವನ ಕೈಕೆಳಗೆ ಇಂಗ್ಲಿಷ್ ಕಲಿತವನು. ಈಗ ನ್ಯಾಮತಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಾನೆ.

"ಸರ್, ಇಂಗ್ಲಿಷ್‌ನಾಗೇ ಮಾತಾಡ್ರಿ. ವಿಡಿಯೋ ಮಾಡ್ಕೊಂತೀನಿ. ಎಲ್ಲಿ ನಿಲ್ಲಿಸ್ಬೇಕು ಅಂತ ನಮ್ ಹುಡುಗ್ರಿಗೆ ಹೇಳಿ ಹೇಳಿ ಸಾಕಾಗೈತೆ."

"ಇವತ್ತಾ?"

"ಮೇಡಂಗೂ ಗೌರವ ಅಲ್ವಾ ಸರ್?"

ಮೂರ್ಖ, ಎಂದುಕೊಂಡ. ಬೇಡ ಎನ್ನಲಿಲ್ಲ. ಬೆಳಗಿನಿಂದ ಕನ್ನಡದಲ್ಲಿ ಒಂದು ವಾಕ್ಯ ಕಟ್ಟಲು ಹೆಣಗಿ ಸೋತಿದ್ದ. ಕನ್ನಡ ನಿಷ್ಠುರ. ಅವಳು ಎಂಥವಳು ಎಂಬುದನ್ನೆಲ್ಲ ಮೊದಲು ಹೇಳಿ, ಆಮೇಲೆ 'ನನ್ನ ಹೆಂಡತಿ' ಎನ್ನಬೇಕು. ಇಂಗ್ಲಿಷ್ ಉದಾರಿ. ಮೊದಲು ಹೆಸರು ಹೇಳಿಬಿಡಬಹುದು. ಸ್ವಲ್ಪ ನಿಂತು, 'ಯಾರೆಂದರೆ' ಎಂಬರ್ಥದ 'ಹೂ' ಎಂದು ಆರಂಭಿಸಿ ಆಕೆಯ ವಿಷಯ ಸೇರಿಸಬಹುದು. ಮತ್ತೆ ನಿಂತು ಮುಂದೆ ಹೋಗಬಹುದು. ಆ ನಿಲುಗಡೆಯನ್ನೇ ಅವನು ಬದುಕೆಲ್ಲ ಕಲಿಸಿದ್ದು. ನಿಲ್ಲದೆ ಓದಿದವರನ್ನು ದನಗಳೆಂದು ಬೈದು ಮೇಜಿಗೆ ಡಸ್ಟರ್ ಬಡಿಯುತ್ತಿದ್ದ.

ಮೈಕು ಕೈಗೆ ಬಂತು.

"ಮೈ ವೈಫ್ ಶಾಂತಲಾ," ಎಂದ. ನಿಂತ. ನಿಲ್ಲಬೇಕಾದಲ್ಲೇ ನಿಂತಿದ್ದ, ಅಷ್ಟರಲ್ಲೂ ಸಣ್ಣದೊಂದು ಹೆಮ್ಮೆ ಸುಳಿಯಿತು. "ಹೂ," ಎಂದ.

ರೊಟ್ಟಿ ಷಣ್ಮುಖಪ್ಪನ ಪಾಲಾಗಿತ್ತು. ಅವಳ ಲಿಂಗಪೂಜೆಯ ನಿಷ್ಠೆಯನ್ನು ಸ್ವಾಮಿಗಳು ಹೇಳಿ ಮುಗಿಸಿದ್ದರು. ಉಳಿದದ್ದೇನು? ರಾತ್ರಿ ಊಟವಾದ ಮೇಲೆ ಅವಳು ಕೋಣೆಯ ಬಾಗಿಲಿಗೆ ಬಂದು "ಒಂದು ಮಾತಿತ್ರೀ" ಎನ್ನುತ್ತಿದ್ದಳು. ನಿಲ್ಲುತ್ತಿದ್ದಳು. ಇವನು ಪೇಪರಿನಿಂದ ತಲೆಯೆತ್ತುತ್ತಿರಲಿಲ್ಲ. "ಹೋಗ್ಲಿ ಬಿಡ್ರಿ" ಎಂದು ಒಳಗೆ ಹೋಗುತ್ತಿದ್ದಳು. ಏನು ಮಾತು? ಅದು ಶಿವನಿಗೆ ಗೊತ್ತು.

ಬಾಯಿ ತೆರೆದೇ ಇತ್ತು. ಅಳುತ್ತಿದ್ದಾನೆಂದು ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಮುಗಿಯಿತೆಂದು ಷಣ್ಮುಖಪ್ಪ ಕೈಯೆತ್ತಿದ.

"ಹರಹರ ಮಹಾದೇವ!"

ಶಾಮಿಯಾನ ಮೊಳಗಿತು. ಯಾರೋ ಅವನ ಕೈಯಿಂದ ಮೈಕು ತೆಗೆದುಕೊಂಡರು. ಎಲೆಗಳು ಬಂದವು.

ಸರ್ವಮಂಗಳಮ್ಮ ತುಪ್ಪದ ಗಿಂಡಿ ಹಿಡಿದು ಪಂಕ್ತಿಯಲ್ಲಿ ಬಂದಳು. ಅವನ ಪಾಯಸಕ್ಕೆ ತುಪ್ಪ ಬಿಡಲು ಬಗ್ಗಿ ಕೇಳಿದಳು:

"ಏನಂದ್ರಿ ಭಾವಾರೇ? ನಂಗೆ ಇಂಗ್ಲಿಷ್ ತಿಳಿಯಾಕಿಲ್ಲ. ಒಳ್ಳೇದೇ ಅಂದ್ರಿ ತಾನೇ?"

ಅವನು ತಲೆಯಾಡಿಸಿದ.

"ಸಾಕು ಬಿಡ್ರಿ. ಅವಳಿಗೆ ಮುಟ್ಟಿರ್ತೈತೆ."

ಪಕ್ಕದ ಎಲೆಯಿಂದ ಪ್ರವೀಣ್ ಎಡಗೈಯಲ್ಲಿ ಫೋನು ಚಾಚಿದ. "ಎಂಥಾ ನಿಲುಗಡೆ ಸರ್! ಇನ್ನೇನು ದೊಡ್ಡ ಮಾತೇ ಬರ್ತೈತೆ ಅನ್ನಂಗೆ ಐತೆ. ನಾಳೆ ಕ್ಲಾಸಿನಾಗೆ ಇದನ್ನೇ ಹಾಕ್ತೀನಿ."

ಪುಟ್ಟ ಪರದೆಯಲ್ಲಿ ವಿಭೂತಿ ಹಚ್ಚಿದ ಮುದುಕನೊಬ್ಬ ಬಾಯಿ ತೆರೆದು ನಿಂತಿದ್ದ. ಅವನ ಭುಜದ ಹಿಂದೆ, ಬಾಗಿಲಿಗೆ ಬಂದು ನಿಂತವಳಂತೆ, ಹಾರ ಹಾಕಿದ ಪಟದ ಶಾಂತಲಾ. ವಿಡಿಯೋದ ಕೆಳಗಿನ ಕೆಂಪು ಗೆರೆ ಸದ್ದಿಲ್ಲದೆ ತುದಿಯವರೆಗೆ ಹರಿಯಿತು.

ಪ್ರವೀಣ್ ಮತ್ತೆ ಒತ್ತಿದ.

"ಮೈ ವೈಫ್ ಶಾಂತಲಾ," ಎಂದ ಮುದುಕ. ನಿಂತ.